ಮೂರು ಪಿಸ್ತೂಲು, ಒಂದೇ ಡಬ್ಬಿ ಮದ್ದು

ತಿಗನಾರೆಯ ನಂಜಪ್ಪನ ಮೂಗಿನ ವಿಷಯ ಮೊದಲು ಹೇಳಿಬಿಡುವುದು ಒಳ್ಳೆಯದು. ಮಿಲಿಟರಿಯಲ್ಲಿ ಇಪ್ಪತ್ತೆರಡು ವರ್ಷ ಬಂದೂಕು ರಿಪೇರಿ ಮಾಡಿ, ಹವಾಲ್ದಾರನಾಗಿ ಪೆನ್ಷನ್ ತೆಗೆದುಕೊಂಡು ಊರಿಗೆ ಬಂದವನು ಅವನು. ಗಾಳಿಯಲ್ಲಿ ಒಂದು ಚಿಟಿಕೆ ಮದ್ದು ತೇಲಿದರೆ ಸಾಕು, ಅದು ಯಾವ ಕಾರ್ಖಾನೆಯದು, ಯಾವ ಮಳೆಗಾಲದಲ್ಲಿ ತಯಾರಾದದ್ದು, ಅವತ್ತು ಅಲ್ಲಿಯ ಮೇಸ್ತ್ರಿ ಹೆಂಡತಿಯೊಡನೆ ಜಗಳವಾಡಿ ಬಂದಿದ್ದನೋ ಇಲ್ಲವೋ ಎಂಬುದನ್ನೆಲ್ಲ ಆ ಮೂಗು ಹೇಳಿಬಿಡುತ್ತಿತ್ತು. ನಂಜಪ್ಪ ಒಂದು ಸಲ ಕೆಮ್ಮಿದರೆ ಜೀರಹಳ್ಳಿ ಕಾಡಿನ ಆನೆಗಳು ಬಾಯಲ್ಲಿದ್ದ ಜೋಳದ ತೆನೆಯನ್ನು ವಾಪಸು ಗಿಡದ ಮೇಲಿಟ್ಟು ಹೋಗುತ್ತವೆ ಎಂದೂ ಪ್ರತೀತಿ. ಹಾಗೆ ಹೇಳುತ್ತಿದ್ದವನು ನಂಜಪ್ಪನೇ. ಆನೆಗಳನ್ನು ಯಾರೂ ಹೋಗಿ ವಿಚಾರಿಸಲಿಲ್ಲವಾದ್ದರಿಂದ ಸುಳ್ಳೆಂದು ಇವತ್ತಿನವರೆಗೂ ಸಾಬೀತಾಗಿಲ್ಲ.

ಇಂಥ ಮೂಗನ್ನು ತಮಿಳುನಾಡಿಗೆ ಸೇರಿದ ಬೆಟ್ಟದ ಮೇಲಿನ ತಾಳವಾಡಿಯ ಗುರುಮಲ್ಲಪ್ಪನವರು ಮನೆಗೆ ಕರೆಸಿಕೊಂಡದ್ದು ಮೂರು ಪಿಸ್ತೂಲುಗಳ ದೆಸೆಯಿಂದ. ಅರಿಶಿನ, ಬಾಳೆ, ರಾಗಿ ಬೆಳೆಯುವ ದೊಡ್ಡ ಕುಳ ಅವರು. ಮನೆಯಲ್ಲಿ ತಾತನ ಕಾಲದ್ದೊಂದು ಉದ್ದ ನಳಿಗೆಯ ರಿವಾಲ್ವರ್, ಅಪ್ಪನ ಕಾಲದ್ದೊಂದು ಮೊಂಡು ರಿವಾಲ್ವರ್ ಇದ್ದವು. ಕಾಡುಗಳ್ಳನ ಕಾಲದಲ್ಲಿ ಬೆಟ್ಟದ ಮೇಲಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಾಗಿ ಬಂದು, ಇವೆರಡೂ ಅಲ್ಲಿಯ ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ್ದವು. ವಾಪಸು ಬಂದಾಗ ಉದ್ದ ನಳಿಗೆಯೊಳಗೆ ಒಂದು ಜೇಡ ಮೂರು ತಲೆಮಾರಿನ ಸಂಸಾರ ಹೂಡಿತ್ತು. ನಂಜಪ್ಪ ಆ ಸಂಸಾರವನ್ನು ಎಬ್ಬಿಸಿ, ಎಣ್ಣೆ ಹಾಕಿ, ಎರಡಕ್ಕೂ ಜೀವ ಕೊಟ್ಟ. ಮೂರನೆಯದು ಮಗಳು ಮಂಗಳಗೌರಿಗೆಂದು ಲೈಸೆನ್ಸ್ ಮಾಡಿಸಿ ತಂದ ಹೊಸ ಪಿಸ್ತೂಲು.

ಮಂಗಳಗೌರಿಗೆ ಇಪ್ಪತ್ತಮೂರು. ಅವಳ ಗುರಿಯ ಬಗ್ಗೆ ಹೇಳುವುದಾದರೆ, ನೂರು ಹೆಜ್ಜೆ ದೂರದಲ್ಲಿ ಹಾರುವ ಸೊಳ್ಳೆಯನ್ನು ಗಂಡೋ ಹೆಣ್ಣೋ ಎಂದು ಕೇಳಿ, ಹೆಣ್ಣಾದರೆ ಮಾತ್ರ ಹೊಡೆಯುವಷ್ಟು. ಬೆಟ್ಟದ ಕೆಳಗಿನ ಶೂಟಿಂಗ್ ಕ್ಲಬ್ಬಿನಲ್ಲಿ ಡಿಸೆಂಬರಿನ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಮೂರು ಬಗೆ ಪಿಸ್ತೂಲಿಗೆ ಮೂರು ಪಂದ್ಯ. ಹೊಸ ತೋಟಾ ಕೊಳ್ಳೋಣವೆಂದರೆ ಸಿಗುವುದೇ ವರ್ಷಕ್ಕಿಷ್ಟೆಂದು ಬೊಗಸೆಯಷ್ಟು. ಆದ್ದರಿಂದ ಹಾರಿಸಿದ ಹಿತ್ತಾಳೆ ಕೊಳವೆಗಳಿಗೇ ಮತ್ತೆ ಮದ್ದು ತುಂಬಿ ಗುಂಡು ಕೂರಿಸಿಕೊಳ್ಳಲು ಗುರುಮಲ್ಲಪ್ಪ ಪರವಾನಗಿ ತಂದಿದ್ದರು. ಪರವಾನಗಿಯಲ್ಲೊಂದು ಕೊಕ್ಕೆ ಇತ್ತು. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಡಬ್ಬಿ ಮದ್ದು, ಒಂದೇ ಜಾತಿಯದು. ಪಿಸ್ತೂಲು ಮೂರು, ಮೂರರ ಹೊಟ್ಟೆಯೂ ಬೇರೆ ಬೇರೆ.

ನಂಜಪ್ಪ ಕ್ಲಬ್ಬಿಗೆ ಹೋಗಿ ಮೂರು ಜಾತಿಯ ಮದ್ದು ಮುಂದಿಟ್ಟುಕೊಂಡು ಕೂತ. ಒಂದು ಬಲು ಚುರುಕು. ಚಿಟಿಕೆ ಹಾಕಿದರೆ ಸಾಕು, ಸಿಡುಕಿಬಿಡುತ್ತದೆ. ಮಿತವಾಗಿ ಖರ್ಚಾಗುತ್ತದೆಂದು ಗುರುಮಲ್ಲಪ್ಪನವರಿಗೆ ಅದರ ಮೇಲೇ ಕಣ್ಣು. ಆದರೆ ತಾತನ ಉದ್ದ ರಿವಾಲ್ವರಿನಲ್ಲಿ ಅದರ ಸಿಡುಕು ಮಿತಿಮೀರಿತು. ಹಳೆಯ ಕಬ್ಬಿಣ ಆ ಬೈಗುಳ ತಾಳುವಂತಿರಲಿಲ್ಲ. ಇನ್ನೊಂದು ಸೋಮಾರಿ. ಉದ್ದ ರಿವಾಲ್ವರಿನಲ್ಲಿ ಲಕ್ಷಣವಾಗಿ ಉರಿಯಿತು, ಮೊಂಡು ರಿವಾಲ್ವರಿನಲ್ಲಿ ಅರ್ಧ ಉರಿದು ಇನ್ನರ್ಧ ತೂರಿದ ಹೊಟ್ಟಿನಂತೆ ಗೌರಿಯ ಕೈಮೇಲೆ ಚೆಲ್ಲಿತು. ಮೂರನೆಯದು ಬೂದು ಬಣ್ಣದ ಸಣ್ಣ ಸಣ್ಣ ಹಕ್ಕಳೆ. ಚುರುಕೂ ಅಲ್ಲ, ಸೋಮಾರಿಯೂ ಅಲ್ಲ. ಮೂರರಲ್ಲೂ ಹಾಕಿ ನೋಡಿದ. ಮೂರೂ ತಮ್ಮ ತಮ್ಮ ದನಿಯಲ್ಲಿ ಒಪ್ಪಿಗೆಯೆಂದವು. ಮೂರು ದಿನದ ಈ ಕೆಲಸಕ್ಕೆ ಮೂರು ತಿಂಗಳು ಹಿಡಿಯಿತೆಂದು ತಿಗನಾರೆಯಲ್ಲಿ ಈಗಲೂ ಲೆಕ್ಕ.

"ಈ ಮದ್ದು ಅಂದ್ರ, ಮೂರು ಸೊಸೇರ್ಗೂ ಒಗ್ಗೋ ಅತ್ತೆ ಕಣಿ ಯಜಮಾನ್ರೇ!" ಎಂದು ಅವನು ಗುರುಮಲ್ಲಪ್ಪನವರ ಜಗಲಿಯ ಮೇಲೆ ಸಾರಿದ.

ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅವನ ಹೆಂಡತಿ ಮಾದೇವಮ್ಮ ಮೊರ ನಿಲ್ಲಿಸಿದಳು. "ಅಂತಾ ಅತ್ತೆ ಲೋಕದಲ್ಲಿ ಇದ್ಲಾ? ನಂಗ್ಯಾಕ ಸಿಗ್ನಿಲ್ಲ?"

"ನಿಂಗ ಸಿಕ್ಕಿದ್ದೂವೆ ಒಳ್ಳೇ ಮದ್ದೇ ಕಣಮ್ಮಿ. ಕೊಂಚ ಚುರ್ಕು ಜಾತೀದು."

ಆದರೆ ಆ ಅತ್ತೆಯಲ್ಲಿ ಒಂದೇ ಒಂದು ಕುಂದಿತ್ತು. ತಾತನ ರಿವಾಲ್ವರಿನ ತೋಟಾದ ಹಿತ್ತಾಳೆ ಕೊಳವೆ ಆಳ. ಅದಕ್ಕೆ ಬೇಕಾದ ಒಂದು ಅಳತೆ ಮದ್ದು ತಳದಲ್ಲೆಲ್ಲೋ ಕೂರುತ್ತದೆ, ಬಾವಿಗೆ ಒಂದು ಕೊಡ ನೀರು ಸುರಿದ ಹಾಗೆ. ಕೈತಪ್ಪಿ ಎರಡು ಅಳತೆ ಬಿದ್ದರೂ ತುಳುಕುವುದಿಲ್ಲ, ಹೊರಗೆ ಕಾಣುವುದೂ ಇಲ್ಲ. ಅಂಥ ತೋಟಾ ಹಾರಿಸಿದರೆ ಗುಂಡು ಮುಂದಕ್ಕೆ ಹೋಗುತ್ತದೋ ಇಲ್ಲವೋ, ರಿವಾಲ್ವರ್ ಮಾತ್ರ ಹಿಡಿದವರ ಕೈಯಲ್ಲೇ ಒಡೆಯುತ್ತದೆ. ಕೈಯೂ ಅದರ ಜೊತೆಗೆ ಹೋಗುತ್ತದೆ.

"ಉಸಾರು ಕಣಯ್ಯ," ಎಂದಿದ್ದರು ಗುರುಮಲ್ಲಪ್ಪ.

"ಆ ಕುಂದು ಬ್ಯಾರೇವ್ರ್ ಕೈಗೆ ಯಜಮಾನ್ರೇ. ನಂಜಪ್ಪನ ಕೈ ತಪ್ಪಿದ್ರ ಸೂರ್ಯ ಚಾಮರಾಜನಗರದ ಕಡೀಂದ ಉಟ್ತಾನ," ಎಂದಿದ್ದ ನಂಜಪ್ಪ.

ಎರಡು ಸಾವಿರದ ಎಂಟನೆಯ ಇಸವಿ, ಡಿಸೆಂಬರ್. ಸ್ಪರ್ಧೆಯ ಹಿಂದಿನ ದಿನ. ಮಧ್ಯಾಹ್ನ ಒಂದು ಗಂಟೆಗೆ ಅಪ್ಪ ಮಗಳು ಜೀಪಿನಲ್ಲಿ ಹೊರಟರೆ ಸಂಜೆಗೆ ಕ್ಲಬ್ಬು. ಇಳಿದ ಕೂಡಲೇ ಗೌರಿ ತಾತನ ರಿವಾಲ್ವರಿನಿಂದ ನಾಲ್ಕು ಗುಂಡು ಹಾರಿಸಿ ಕೈ ನೋಡಿಕೊಳ್ಳುವುದೆಂದು ಮಾತು. ನಂಜಪ್ಪ ಹಿಂದಿನ ಮೂರು ದಿನವೂ ತನ್ನ ಹೊಲದ ಕಣದಲ್ಲಿ ರಾಗಿ ಬಡಿದು, ತೂರಿ, ಅಳೆದು, ಇವತ್ತು ಬೆಳಗ್ಗೆ ಬಂದು ಗುರುಮಲ್ಲಪ್ಪನವರ ಹಿತ್ತಲ ಕೋಣೆಯಲ್ಲಿ ಕೂತಿದ್ದ. ಕರೆಂಟಿನ ತಕ್ಕಡಿಯಲ್ಲಿ ಒಂದೊಂದೇ ಅಳತೆ ತೂಗಿ ಎರಡು ಪಿಸ್ತೂಲಿನ ತೋಟಾಗಳನ್ನು ಮುಗಿಸಿದ. ಡಬ್ಬಿಯಲ್ಲಿ ಉಳಿದದ್ದನ್ನು ತೂಗಿ ಪರವಾನಗಿಯ ಪುಸ್ತಕದಲ್ಲಿ ಬರೆದ. ಇನ್ನು ತುಂಬಬೇಕಾದದ್ದು ತಾತನ ರಿವಾಲ್ವರಿನ ನಲವತ್ತು ತೋಟಾ. ಆಗ ಕರೆಂಟು ಹೋಯಿತು.

ಆ ವರ್ಷ ಕರೆಂಟು ಬಂದರೇನೇ ಜನ ಹೊರಗೆ ಬಂದು ನೋಡುತ್ತಿದ್ದರು. ತಕ್ಕಡಿ ಕಣ್ಣು ಮುಚ್ಚಿತು. ನಂಜಪ್ಪ ಹೆದರುವ ಆಸಾಮಿಯಲ್ಲ. ಸರಿಯಾಗಿ ಒಂದು ಅಳತೆ ಹಿಡಿಯುವಂತೆ ಹಿತ್ತಾಳೆಯ ತುಂಡಿಗೆ ತಂತಿಯ ಹಿಡಿ ಬೆಸೆದು ತಾನೇ ಮಾಡಿಕೊಂಡಿದ್ದ ಪುಟ್ಟ ಸೌಟೊಂದು ಜೇಬಿನಲ್ಲಿತ್ತು. ಮದ್ದನ್ನು ತಟ್ಟೆಗೆ ಸುರಿದು ರಾಶಿ ಮಾಡಿಕೊಂಡ. ಕಿಟಕಿಯ ಬಳಿ ಕೂತು, ಸೌಟಿನಿಂದ ಮೊಗೆದು, ಕಣದಲ್ಲಿ ರಾಗಿ ಅಳೆಯುವವರ ರಾಗದಲ್ಲಿ, "ಲಾಭ... ಎರಡು... ಮೂರು..." ಎಂದು ಎಣಿಸುತ್ತ ಕೊಳವೆಗಳಿಗೆ ತುಂಬಿದ. ಮೋಡ ಕವಿದಿತ್ತು. ಪ್ರತಿಯೊಂದು ಕೊಳವೆಗೂ ಟಾರ್ಚು ಬಿಟ್ಟು ಒಳಗೆ ನೋಡುವುದು ಅವನ ಪದ್ಧತಿ. ಟಾರ್ಚಿನ ಸೆಲ್ಲು ರಾತ್ರಿ ಕಣದಲ್ಲಿ ಕಾಡುಹಂದಿ ಕಾಯುವುದರಲ್ಲೇ ಸತ್ತುಹೋಗಿತ್ತು. ಅಂಗಳದಲ್ಲಿ ಜೀಪಿನ ಹಾರನ್ನು. ನಲವತ್ತಕ್ಕೂ ಗುಂಡು ಕೂರಿಸಿ, ಡಬ್ಬ ಕಟ್ಟಿ, ಗೌರಿಯ ಕೈಗೆ ಕೊಟ್ಟು, "ಓಗಿ ಗೆದ್ಕ ಬಾ ಗೌರವ್ವ, ತಮಿಳುನಾಡೇ ನಡುಗ್ಬೇಕು," ಎಂದು ಹರಸಿದ.

ಎರಡು ಗಂಟೆಗೆ ಕರೆಂಟು ಬಂತು. ಪುಸ್ತಕಕ್ಕೆ ಬರೆಯಲೆಂದು ನಂಜಪ್ಪ ಉಳಿದ ಮದ್ದನ್ನು ತೂಗಿದ.

ಒಂದು ಅಳತೆ ಕಡಮೆ.

ತಟ್ಟೆ ಒರೆಸಿ ತೂಗಿದ. ನೆಲದ ಮೇಲೆ ಬೋರಲು ಬಿದ್ದು ಬೆಂಚಿನ ಅಡಿ ನೋಡಿದ. ಮೂರನೆಯ ಸಲ ತೂಗಿದ. ನಲವತ್ತು ತೋಟಾಗಳಿಗೆ ನಲವತ್ತೊಂದು ಅಳತೆ ಮದ್ದು ಹೋಗಿತ್ತು. ಅಂದರೆ ಯಾವುದೋ ಒಂದು ಕೊಳವೆಯೊಳಗೆ ಎರಡು.

ಹಿಮಾಲಯದ ಹಿಮದಲ್ಲೂ ಬೆವರಿದವನೆಂದು ಖ್ಯಾತಿ ಪಡೆದ ನಂಜಪ್ಪನ ಮೈಯಲ್ಲಿ ಈಗ ಬೆವರೇ ಬರಲಿಲ್ಲ. ಗುರುಮಲ್ಲಪ್ಪನವರ ಮೊಬೈಲಿಗೆ ಫೋನು ಹಚ್ಚಿದ. 'ತೊಡರ್ಬು ಎಲ್ಲೈಕ್ಕು ವೆಳಿಯೇ' ಎಂದು ಒಬ್ಬ ಹೆಂಗಸು ತಮಿಳಿನಲ್ಲಿ ಬಹಳ ಸಮಾಧಾನದಿಂದ ಹೇಳಿದಳು. ಕಾಡಿನೊಳಗೆ ಸಿಗ್ನಲ್ಲು ಎಲ್ಲಿಂದ ಬರಬೇಕು? ಕ್ಲಬ್ಬಿನ ನಂಬರು ಬರೆದ ಚೀಟಿ ಗುರುಮಲ್ಲಪ್ಪನವರ ಜೇಬಿನಲ್ಲೇ ಜೀಪು ಹತ್ತಿ ಹೋಗಿತ್ತು.

"ಯಾನಾಯ್ತು? ಮೊಖ ಯಾಕ ಸುಣ್ಣ ಬಳ್ದಂಗದ?" ಎಂದಳು ಮಾದೇವಮ್ಮ ಬಾಗಿಲಲ್ಲಿ.

"ಒಂದ್ರಲ್ಲಿ ಎರಡಳತೆ ಬಿದ್ಬುಟ್ಟದ ಕಣಮ್ಮಿ. ಗೌರವ್ವನ ಕೈ..." ಎಂದ ನಂಜಪ್ಪ.

ಜೀವಮಾನದಲ್ಲಿ ಮೊದಲ ಸಲ ಮಾದೇವಮ್ಮ ಅವನನ್ನು ಹಂಗಿಸಲಿಲ್ಲ. "ನಿಂತ್ಕಂಡು ಯಾನ ನೋಡಿಯೇ? ಗಾಡಿ ತಗೀ!" ಎಂದಳು.

ನಂಜಪ್ಪನ ಮೊಪೆಡ್ಡು ಎಂಥದೆಂದರೆ, ಇಳಿಜಾರಿನಲ್ಲಿ ಎಮ್ಮೆ ಅದನ್ನು ಹಿಂದೆ ಹಾಕುತ್ತಿತ್ತು, ಏರಿನಲ್ಲಿ ಅದೇ ಎಮ್ಮೆ ಎಳೆದುಕೊಂಡು ಹೋಗಬೇಕಿತ್ತು. ಆವತ್ತು ಮಾತ್ರ ಅದು ನೆಲ ಮುಟ್ಟಲಿಲ್ಲ. ತಾಳವಾಡಿ ದಾಟಿದ್ದು ಅವನಿಗೇ ತಿಳಿಯಲಿಲ್ಲ. ದಾರಿಯಲ್ಲಿ ಎದುರಾದ ಬಸ್ಸು ತಾನೇ ಪಕ್ಕಕ್ಕೆ ಸರಿದು, ಡ್ರೈವರು ಕೈಮುಗಿದನಂತೆ. ಹಾಸನೂರಿನ ಬಳಿ ರಸ್ತೆಗೆ ಅಡ್ಡ ನಿಂತ ಒಂಟಿ ಸಲಗವನ್ನು ನೋಡಿ ನಂಜಪ್ಪ ಬ್ರೇಕು ಹಾಕಲಿಲ್ಲ. "ದಾರಿ ಬುಡ್ಲಾ, ಮಗೀನ ಕೈ ಓಗ್ತದ!" ಎಂದು ಕೂಗಿದ. ಸಲಗ ದಾರಿ ಬಿಟ್ಟಿತು. ಸೊಂಡಿಲೆತ್ತಿ ಸಲ್ಯೂಟ್ ಹೊಡೆಯಿತೆಂಬುದು ಮಾತ್ರ ಆಮೇಲೆ ಸೇರಿಸಿದ್ದು.

ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಇದ್ದದ್ದು ಒಂದೇ. ಗೌರಿ ಐದು ವರ್ಷದವಳಿದ್ದಾಗ, ಅವನು ರಜೆಯಲ್ಲಿ ಬಂದಾಗಲೆಲ್ಲ, ಅವನ ಮೀಸೆಯ ತುದಿ ಹಿಡಿದೆಳೆಯುತ್ತಿದ್ದ ಪುಟ್ಟ ಬಲಗೈ. ಆ ಕೈಗೆ ಪಿಸ್ತೂಲು ಹಿಡಿಯುವುದನ್ನು ಕಲಿಸಿದವನೂ ಅವನೇ. ಹೆಗಲಿನ ಟವಲಿನ ತುದಿಯ ಗಂಟು ಗಾಳಿಗೆ ಪಟಪಟ ಕೆನ್ನೆಗೆ ಬಡಿಯುತ್ತಿತ್ತು. "ನಿಂದೊಂದು ಕಾಟ," ಎಂದು ಅದಕ್ಕೂ ಬೈದು, ಟವಲನ್ನು ಕುತ್ತಿಗೆಗೆ ಸುತ್ತಿಕೊಂಡ.

ದಿಂಬಂನಲ್ಲಿ ಬೆಟ್ಟದ ದೇವರು ಮಾದಪ್ಪ ಕಣ್ಣು ಬಿಟ್ಟಿದ್ದ. ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಯಾವುದರಲ್ಲೋ ಕಬ್ಬಿನ ಲಾರಿಯೊಂದು ಸಿಕ್ಕಿಹಾಕಿಕೊಂಡು, ಮೇಲೆ ದೆಹಲಿಯವರೆಗೂ ಮುಟ್ಟುವಷ್ಟು ಉದ್ದದ ಗಾಡಿಗಳ ಸಾಲು. ಸಾಲಿನ ನಡುವೆ ಗುರುಮಲ್ಲಪ್ಪನವರ ಹಸಿರು ಜೀಪು. ಬಾನೆಟ್ಟಿಗೆ ಒರಗಿ ಗೌರಿ ಕಡಲೆಕಾಯಿ ಬಿಡಿಸುತ್ತಿದ್ದಳು, ಎರಡೂ ಕೈಯಲ್ಲಿ.

ನಂಜಪ್ಪ ಮೊಪೆಡ್ಡನ್ನು ನಿಲ್ಲಿಸಲಿಲ್ಲ, ಬೀಳಿಸಿದ.

"ಯಾಕ ನಂಜಣ್ಣ? ಮನೇಲಿ ಅವ್ವಂಗ ಉಸಾರಿಲ್ವಾ?" ಎಂದು ಗೌರಿ ಗಾಬರಿಯಾದಳು.

"ಆ ಡಬ್ಬ ಕೊಡು ಗೌರವ್ವ. ಉದ್ದದ್ರದು. ಮುಟ್ಬ್ಯಾಡ ನೀನು."

ಗುರುಮಲ್ಲಪ್ಪ ಜೀಪಿನಿಂದ ಇಳಿದರು. "ಯಾನಯ್ಯ ಅದು?"

ನಂಜಪ್ಪನಿಗೆ ಬೊಗಳೆ ಬಿಡುವುದು ಗೊತ್ತಿತ್ತು. ತಪ್ಪಾಯಿತು ಎನ್ನುವುದು ಅಭ್ಯಾಸವಿರಲಿಲ್ಲ. ಮೊದಲು ಕರೆಂಟಿನವರನ್ನು ಬೈದ. ಆಮೇಲೆ ಮೋಡವನ್ನು ಬೈದ. ಟಾರ್ಚಿನ ಸೆಲ್ಲನ್ನು, ಹಂದಿಗಳನ್ನು ಬೈದ. ಬೈಯಲು ಇನ್ನೇನೂ ಉಳಿಯದೆ ಹೋದಾಗ, "ನನ್ ಕೈ ತಪ್ಪೋಯ್ತು ಯಜಮಾನ್ರೇ," ಎಂದ. "ಒಂದಳತೆ ಎಚ್ಚು ಓಗದ. ಯಾವುದ್ರಲ್ಲೋ ಎರಡು ಅದ. ಯಾವುದು ಅಂತ ಗೊತ್ತಿಲ್ಲ."

ಗುರುಮಲ್ಲಪ್ಪನವರ ಮುಖ ಕಪ್ಪಿಟ್ಟಿತು. ಮಗಳ ಕೈಯನ್ನೊಮ್ಮೆ ನೋಡಿದರು, ಡಬ್ಬವನ್ನೊಮ್ಮೆ. "ಸೂರ್ಯ ಯಾವ ಕಡೀಂದ ಉಟ್ಟವ್ನೆ ಇವತ್ತು?" ಎಂದರು ಮೆಲ್ಲಗೆ. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ನಂಜಪ್ಪನಿಗೆ ಸುಖವಾಗುತ್ತಿತ್ತು.

"ತೂಕ ಹಾಕುದ್ರ ಗೊತ್ತಾಗಲ್ವಾ?" ಎಂದಳು ಗೌರಿ.

"ಇಲ್ಲ ಕವ್ವ. ಗುಂಡು ನಾನೇ ಸೀಸ ಕರಗ್ಸಿ ಉಯ್ದಿರೋವು. ಒಂದ್ ಗುಂಡು ದಪ್ಪ, ಒಂದು ಸಣ್ಕ. ಆ ಎಚ್ಚುಕಮ್ಮೀಲೇ ಒಂದಳತೆ ಮದ್ದು ಕದ್ದು ಕುಂತ್ಕತದ. ನಲವತ್ತೂ ಬಿಚ್ಬೇಕು. ಬಿಚ್ಚೋ ಸಾಮಾನು ಮನೇಲದ."

"ಅಂದ್ರ ನಾಳೆ ತಾತನ ರಿವಾಲ್ವರ್ ಇಲ್ಲ," ಎಂದಳು ಗೌರಿ. ಆ ಪಂದ್ಯಕ್ಕೆಂದೇ ಅವಳು ಆರು ತಿಂಗಳು ಕೈ ಪಳಗಿಸಿದ್ದಳು.

ನಂಜಪ್ಪನ ಕೈ ತಾನಾಗಿ ಜೇಬಿಗೆ ಹೋಗಿ ಬೀಡಿ ತೆಗೆದು ತುಟಿಗಿಟ್ಟಿತು. ಕಡ್ಡಿಪೆಟ್ಟಿಗೆ ಹುಡುಕುತ್ತಿರುವಾಗ ಗೌರಿ ಅವನ ಕೈಯನ್ನೇ ನೋಡಿದಳು.

"ನಂಜಣ್ಣ, ನೀನು ಕೆಲ್ಸ ಮಾಡದು ತಲೇಲಿ ಅಲ್ಲ, ಕೈಯಲ್ಲಿ. ತಲೆಗ್ ಮರ್ತಿದ್ರೂ ಕೈಗ್ ಮರ್ತಿರಲ್ಲ. ಮೊದ್ಲಿಂದ ಒಂದ್ ಸಲ ಮಾಡಿ ತೋರ್ಸು."

ರಸ್ತೆ ಪಕ್ಕದಿಂದ ಎರಡು ಹಿಡಿ ಮರಳು ತಂದು ಬಾನೆಟ್ಟಿನ ಮೇಲೆ ರಾಶಿ ಹಾಕಿದಳು. ಕಡಲೆಕಾಯಿಯ ಸಿಪ್ಪೆಗಳನ್ನು ಕೊಳವೆಗಳ ಹಾಗೆ ಸಾಲಾಗಿ ಜೋಡಿಸಿದಳು. ಹಿಂದಿನ ಲಾರಿಯ ಡ್ರೈವರ್ ಮುರುಗೇಶ ಇಳಿದು ಬಂದು, "ಇದೇನಕ್ಕ, ಮರಳು ಮಾರಾಟವಾ?" ಎಂದ. ಗುರುಮಲ್ಲಪ್ಪ ಒಂದು ನೋಟದಲ್ಲಿ ಅವನ ಬಾಯಿ ಮುಚ್ಚಿಸಿದರು.

ನಂಜಪ್ಪ ಜೇಬಿನಿಂದ ಪುಟ್ಟ ಸೌಟು ತೆಗೆದ. ಬೀಡಿ ತುಟಿಯಲ್ಲೇ ಇತ್ತು. ಇನ್ನೊಂದು ಕೈಯಲ್ಲಿ ಕಡ್ಡಿಪೆಟ್ಟಿಗೆ. ಕಣ್ಣು ಅರ್ಧ ಮುಚ್ಚಿ ರಾಶಿಯ ನೆತ್ತಿಯಿಂದ ಮೊಗೆದ.

"ಲಾಭ..."

ಸೌಟು ಕಡಲೆ ಸಿಪ್ಪೆಯ ಕಡೆಗೆ ಹೋಗಲಿಲ್ಲ. ಅದು ನೇರ ಎಡ ಹೆಗಲಿನತ್ತ ಬಂತು. ಕಡ್ಡಿಪೆಟ್ಟಿಗೆಯನ್ನು ಬಿಸುಟ ಎಡಗೈ ಕುತ್ತಿಗೆಗೆ ಸುತ್ತಿದ್ದ ಟವಲಿನ ತುದಿಯನ್ನು ಎಳೆದು ಸೌಟಿನ ಕೆಳಗೆ ಹಿಡಿಯಿತು.

ಆ ತುದಿಯಲ್ಲಿ ಆಗಲೇ ಒಂದು ಗಂಟಿತ್ತು.

ನಂಜಪ್ಪ ಗಂಟನ್ನು ನೋಡಿದ. ಗೌರಿ ಗಂಟನ್ನು ನೋಡಿದಳು. ಗುರುಮಲ್ಲಪ್ಪನವರ ಬಾಯಿಂದ ಒಂದೇ ಮಾತು ಬಂತು. "ಮೀಸಲು!"

ಹೊಸ ರಾಶಿ ಅಳೆಯುವಾಗ ಮೊದಲನೆಯದನ್ನು ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆ ಮೊದಲ ಅಳತೆ ಮನೆಗಲ್ಲ, ಮಾದಪ್ಪನಿಗೆ ಮೀಸಲು. ನಂಜಪ್ಪನ ಅವ್ವ ಅದನ್ನು ಸೆರಗಿನಲ್ಲಿ ಕಟ್ಟುತ್ತಿದ್ದಳು. ಅವಳು ಹೋದ ಮೇಲೆ ಅವನು ಟವಲಿನಲ್ಲಿ ಕಟ್ಟುತ್ತಿದ್ದ. ಮೂರು ದಿನ ಕಣದಲ್ಲಿ ಅದನ್ನೇ ಮಾಡಿದ್ದ. ತಕ್ಕಡಿಯಲ್ಲಿ ತೂಗುವಾಗ ಅವನು ಮಿಲಿಟರಿಯ ಹವಾಲ್ದಾರ. ಕರೆಂಟು ಹೋಗಿ, ಮದ್ದು ತಟ್ಟೆಯಲ್ಲಿ ರಾಶಿಯಾಗಿ, ಕೈಗೆ ಸೌಟು ಬಂದ ಕ್ಷಣ ಕೈ ತಿಗನಾರೆಯ ಕಣಕ್ಕೆ ಹೋಗಿಬಿಟ್ಟಿತ್ತು. ಮಾದಪ್ಪನ ಪಾಲನ್ನು ಎತ್ತಿಟ್ಟು, ಆಮೇಲೆ ನಲವತ್ತು ಎಣಿಸಿತ್ತು.

"ಬೀಡಿ ಬಿಸಾಕ್ಲಾ ಮೊದ್ಲು!" ಎಂದು ಗುರುಮಲ್ಲಪ್ಪ ಅವನ ತುಟಿಯ ಬೀಡಿಯನ್ನು ಕಿತ್ತೆಸೆದರು. "ಕುತ್ಗೆಗ ಮದ್ ಸುತ್ಕಂಡು ಕಡ್ಡಿ ಗೀರಕ್ ಓಗಿಯೇನ್ಲಾ!"

ಬಾನೆಟ್ಟಿನ ಮರಳು ಒರೆಸಿ ಪೇಪರು ಹಾಸಿದರು. ಗಂಟನ್ನು ಗೌರಿಯೇ ಬಿಚ್ಚಿದಳು. ಬೂದು ಬಣ್ಣದ ಹಕ್ಕಳೆ ಪೇಪರಿನ ಮೇಲೆ ಉದುರಿತು. ನೇಯ್ಗೆಯಲ್ಲಿ ಸಿಕ್ಕಿಕೊಂಡಿದ್ದ ಎರಡು ಚೂರುಗಳನ್ನೂ ಅವಳು ಉಗುರಿನಿಂದ ಕೆದಕಿ ತೆಗೆದಳು. ಮರಳು ಊದಿ ಸೌಟನ್ನು ಒರೆಸಿ, ಪೇಪರು ಮಡಿಸಿ, ಮದ್ದನ್ನು ಅದಕ್ಕೆ ಸುರಿದರು. ಸೌಟಿನ ಅಂಚಿಗೆ ಸಮವಾಗಿ ನಿಂತಿತು. ಪರವಾನಗಿ ಪುಸ್ತಕದ ಅಂಚಿನಿಂದ ಗುರುಮಲ್ಲಪ್ಪ ಸವರಿ ನೋಡಿದರು. ಒಂದು ಹಕ್ಕಳೆ ಬೀಳಲಿಲ್ಲ. ಒಂದು ಹಕ್ಕಳೆಗೆ ಜಾಗವೂ ಇರಲಿಲ್ಲ.

ಒಂದು ಅಳತೆ. ಕಾಣೆಯಾದದ್ದೆಲ್ಲ ಇಲ್ಲೇ ಇತ್ತು. ಡಬ್ಬದಲ್ಲಿದ್ದ ನಲವತ್ತಕ್ಕೂ ಒಂದೊಂದೇ.

ದಿಂಬಂನ ರಸ್ತೆಯ ನಡುವೆ ಕೂತು ನಂಜಪ್ಪ ಬಿಟ್ಟ ನಿಟ್ಟುಸಿರಿಗೆ ಘಾಟಿಯ ಕೆಳಗಿನ ಬಿದಿರು ಬಾಗಿತು, ಬಣ್ಣಾರಿಯವರೆಗೂ ಧೂಳೆದ್ದಿತು, ಸಿಕ್ಕಿಹಾಕಿಕೊಂಡಿದ್ದ ಕಬ್ಬಿನ ಲಾರಿ ತಾನೇ ಸರಿದು ದಾರಿ ಬಿಟ್ಟಿತು. ಸುಳ್ಳಾದರೆ ಮುರುಗೇಶನನ್ನು ಕೇಳಬಹುದು. ಸಾಲು ಚಲಿಸಿದ್ದು ಸರಿಯಾಗಿ ಆಗಲೇ.

"ಅಳ್ತೀಯಾ ನಗ್ತೀಯಾ ನಂಜಣ್ಣ?" ಎಂದಳು ಗೌರಿ.

"ಎಲ್ಡೂವೆ ಕವ್ವ. ಮಿಲಿಟ್ರೀಲಿ ಎಲ್ಡೂನೂ ಒಟ್ಗೇ ಕಲಿಸ್ತಾರ."

ಗುರುಮಲ್ಲಪ್ಪ ಅವನ ರಟ್ಟೆ ಹಿಡಿದು ಎಬ್ಬಿಸಿದರು. "ಕೈ ತಪ್ತು ಅಂತ ಗೊತ್ತಾದ್ರ ಬ್ಯಾರೇವ್ರು ಬಾಯ್ ಮುಚ್ಕಂಡು ಇರೋರು. ನೀನು ಬಂದು ಯೋಳ್ದಲ್ಲ, ಅಷ್ಟು ಸಾಕು ಕಣಯ್ಯ," ಎಂದರು. ಹಿಂದಿನ ಗಾಡಿಗಳು ಹಾರನ್ನು ಬಡಿಯುತ್ತಿದ್ದವು. ಜೀಪು ಇಪ್ಪತ್ತೇಳು ತಿರುವುಗಳತ್ತ ಇಳಿಯಿತು.

ಪೇಪರಿನ ಪೊಟ್ಟಣವನ್ನು ನಂಜಪ್ಪ ಮನೆಗೆ ತಂದಾಗ ಮಾದೇವಮ್ಮ ದೇವರ ಗೂಡಿಗೆ ಅಡ್ಡ ನಿಂತಳು. ಸುದ್ದಿ ಕೇಳಿ ಆಗಷ್ಟೇ ಕಣ್ಣೊರೆಸಿಕೊಂಡಿದ್ದಳು. "ದೀಪದ್ ಮುಂದ ಅದ್ನ ಮಡುಗ್ಬುಟ್ಟು ಮಾದಪ್ಪನ್ನೂ ನಮ್ಮನ್ನೂ ಒಟ್ಗೇ ಕೈಲಾಸಕ್ಕ ಕಳುಸ್ಬೇಕಂತ ಮಾಡಿದ್ದಯಾ?" ಎಂದಳು. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ನಂಜಪ್ಪ ಅದನ್ನು ಹೊಲದ ಹಾಸುಗಲ್ಲಿನ ಮೇಲೆ ಸುರಿದು, ಬೆಟ್ಟದ ಕಡೆಗೆ ಕೈಮುಗಿದು, ಉದ್ದನೆಯ ಕಡ್ಡಿಯಿಂದ ಬೆಂಕಿ ತಾಗಿಸಿದ. ಭುಸ್ಸೆಂದು ಒಂದು ಹಳದಿ ಜ್ವಾಲೆ ಎದ್ದು ಹೋಯಿತು. ಮೊಳ ಎತ್ತರವಿತ್ತು. ತಿಗನಾರೆಯಲ್ಲಿ ಈಗ ಅದು ತೆಂಗಿನಮರದಷ್ಟಾಗಿದೆ.

ಎರಡು ದಿನ ಬಿಟ್ಟು ಗೌರಿ ಬಂದಳು. ತಾತನ ರಿವಾಲ್ವರಿನ ನಲವತ್ತು ತೋಟಾಗಳಲ್ಲಿ ಒಂದೂ ತಡವರಿಸಲಿಲ್ಲ. ಮೂರು ಪಂದ್ಯದಲ್ಲೂ ಅದೇ ಮದ್ದು, ಉದ್ದ ರಿವಾಲ್ವರಿನ ಪಂದ್ಯದಲ್ಲಿ ಮೂರನೆಯ ಸ್ಥಾನ. ಮೊದಲ ಎರಡು ಸ್ಥಾನ ಗಳಿಸಿದವರು ಅವಳ ಗುಂಡು ಹೋದ ತೂತಿನಲ್ಲೇ ತಮ್ಮ ಗುಂಡನ್ನೂ ತೂರಿಸಿ ಲೆಕ್ಕ ತಪ್ಪಿಸಿದರೆಂದು ನಂಜಪ್ಪ ಆಗಲೇ ಊರೆಲ್ಲ ಹೇಳಿಯಾಗಿತ್ತು.

ಅವಳು ಜಗಲಿಗೆ ಬಂದು ಪದಕ ತೋರಿಸಿದಳು. ನಂಜಪ್ಪ ಪದಕ ನೋಡಲಿಲ್ಲ.

"ಕೈ ಕೊಡವ್ವ ಇಲ್ಲಿ," ಎಂದ. "ಬಲಗೈ."

ಕೊಟ್ಟಳು. ಅವನು ಅದನ್ನು ತನ್ನ ಅಂಗೈ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಮುಟ್ಟುತ್ತ, ಕಣದ ರಾಗದಲ್ಲಿ ಎಣಿಸಿದ.

"ಲಾಭ... ಎರಡು... ಮೂರು... ನಾಕು... ಐದು."